ಬೇಡ ಅಂದ್ರೆ ಏನಾಗತ್ತೆ?

ಪೋಯ ಚಳಿಗಾಲದ ಒಂದು ಭಾನುವಾರ. ವೆಸ್ಟ್‌ಮೀಡ್‌ನ ನಮ್ಮ ಯೂನಿಟ್ಟಿನ ಕಿಟಕಿ ಆಚೆ ಮಳೆ. ನಮ್ಮ ಕನ್ನಡ ಮಾತಿನ ಗುಂಪಿಗೆ ಬರುವ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜತೆ ಊಟಕ್ಕೆ ಬಂದಿದ್ದಳು. ಹತ್ತೊಂಬತ್ತು ವರ್ಷ, ಹುಟ್ಟಿದ್ದು ಇಲ್ಲೇ, ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷ. ದೊಡ್ಡವರು ಒಳಗೆ ಬಡ್ಡಿ ದರದ ಬಗ್ಗೆ ಮಾತಾಡ್ತಾ ಇದ್ದರು. ನಾನು ಹಾಲ್‌ನಲ್ಲಿ ಸ್ಟಾರ್‌ಫೀಲ್ಡ್ ಹಾಕಿ ಕಂಟ್ರೋಲರ್ ಅವಳ ಕೈಗೆ ಕೊಟ್ಟೆ. (ಆಸ್ಟ್ರೇಲಿಯಾದಲ್ಲಿ ಈ ಆಟಕ್ಕೆ ಆರ್18+ ಪಟ್ಟಿ ಇದೆ, ಅದಕ್ಕೇ ವಯಸ್ಸು ಮೊದಲೇ ಹೇಳಿಬಿಟ್ಟೆ.) ಒಂದು ಊರಿನ ಬೀದಿಯಲ್ಲಿ ಯಾರೋ ಒಬ್ಬ ನಿಲ್ಲಿಸಿ, ಇನ್ಯಾವುದೋ ಗ್ರಹಕ್ಕೆ ಹೋಗಿ ಏನೋ ತಂದುಕೊಡು ಅಂತ ಕೇಳಿದ. ಪರದೆಯ ಮೇಲೆ ಮೂರು ಉತ್ತರ ಬಂತು. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಬೇಡ ಅಂದ್ರೆ ಏನಾಗತ್ತೆ?"

"ಅಂದು ನೋಡು" ಅಂದೆ.

ಅಂದಳು. ಆ ಮನುಷ್ಯ ಮನಸ್ಸು ಬದಲಾದರೆ ಬಾ ಅನ್ನೋ ಅರ್ಥದಲ್ಲಿ ಏನೋ ಹೇಳಿ ಅಲ್ಲೇ ನಿಂತ. ಅವಳು ಊರೆಲ್ಲ ಸುತ್ತಿ, ಒಂದಿಬ್ಬರಿಗೆ ಗುಂಡು ಹೊಡೆದು, ಇಪ್ಪತ್ತು ನಿಮಿಷ ಬಿಟ್ಟು ವಾಪಸ್ ಬಂದಳು. ಅವನು ಅಲ್ಲೇ ಇದ್ದ. ಅದೇ ಜಾಗ, ಅದೇ ಮುಖ, ಅದೇ ಪ್ರಶ್ನೆ. "ಪಾಪ" ಅಂದಳು. ನನಗೆ ನಗು ಬಂತು. ಆಮೇಲೆ ಸ್ವಲ್ಪ ಮುಜುಗರವೂ ಆಯ್ತು, ಯಾಕಂದ್ರೆ ಆ ಆಟದಲ್ಲಿ ನಾನು ಅಷ್ಟೊತ್ತಿಗೆ ನೂರ ನಲವತ್ತು ಗಂಟೆ ಕಳೆದಿದ್ದೆ, ಒಮ್ಮೆಯೂ ಆ ಪ್ರಶ್ನೆ ಕೇಳಿರಲಿಲ್ಲ.

ಈ ಬರಹ ಆ ಪ್ರಶ್ನೆಯ ಬಗ್ಗೆ. ಬಾಹ್ಯಾಕಾಶದ ಆಟಗಳು ಬೇರೆಲ್ಲ ಆಟಗಳಿಗಿಂತ ದೊಡ್ಡ ಮಾತು ಕೊಡ್ತವೆ: ಎಲ್ಲಿಗೆ ಬೇಕಾದರೂ ಹೋಗು, ಏನು ಬೇಕಾದರೂ ಆಗು. ಆ ಮಾತನ್ನು ಅವುಗಳಷ್ಟು ಕೆಟ್ಟದಾಗಿ ಮುರಿಯೋದೂ ಬೇರೆ ಇಲ್ಲ.

ಸ್ಟಾರ್‌ಫೀಲ್ಡ್ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಬೆಥೆಸ್ಡಾ ಕಂಪನಿಯಿಂದ. ಸಾವಿರಕ್ಕೂ ಹೆಚ್ಚು ಗ್ರಹ ಅಂತ ಪ್ರಚಾರ. ಅದರಲ್ಲಿ ದೇವಸ್ಥಾನಗಳಿವೆ, ಒಂದೊಂದರಲ್ಲಿ ಒಂದೊಂದು ಶಕ್ತಿ. ಮೊದಲನೇ ಸಲ ಒಳಗೆ ಹೋದಾಗ ನಿಜವಾಗಲೂ ರೋಮಾಂಚನ ಆಗತ್ತೆ: ಗುರುತ್ವ ಇಲ್ಲ, ನಡುವೆ ಉಂಗುರಗಳು ತಿರುಗ್ತಾ ಇವೆ, ಸುತ್ತ ಬೆಳಕಿನ ಉಂಡೆಗಳು ಮೂಡ್ತವೆ, ತೇಲಿಕೊಂಡು ಹೋಗಿ ಅವುಗಳ ಒಳಗೆ ಹಾಯಬೇಕು. ಎರಡನೇ ದೇವಸ್ಥಾನದಲ್ಲೂ ಅದೇ. ಹತ್ತನೇದರಲ್ಲೂ ಅದೇ. ಒಟ್ಟು 24 ಶಕ್ತಿ, ಒಂದೊಂದಕ್ಕೆ 10 ಹಂತ. ಪೂರ್ತಿ ಬೇಕು ಅಂದರೆ ಅದೇ ಉಂಡೆಗಳ ಹಿಂದೆ 240 ಸಲ ತೇಲಬೇಕು. ನಾನು ಅರ್ಧಕ್ಕೂ ಎಷ್ಟೋ ಮೊದಲೇ ನಿಲ್ಲಿಸಿದೆ. ಗ್ರಹಗಳ ಮೇಲಿನ ಪಾಳು ಕಟ್ಟಡಗಳ ಕಥೆಯೂ ಹಾಗೇ. ಒಂದು ಹಾಳುಬಿದ್ದ ಶೀತಲ ಪ್ರಯೋಗಾಲಯ ಇದೆ. ಅದನ್ನ ನಾನು ಒಂದು ಗ್ರಹದಲ್ಲಿ ನೋಡಿ ಬೆಚ್ಚಿದ್ದೆ, ಸತ್ತವರ ಟಿಪ್ಪಣಿ ಓದಿ ಬೇಜಾರು ಮಾಡಿಕೊಂಡಿದ್ದೆ. ಎಷ್ಟೋ ಜ್ಯೋತಿರ್ವರ್ಷ ಆಚೆ ಇನ್ನೊಂದು ಗ್ರಹದಲ್ಲಿ ಅದೇ ಕಟ್ಟಡ, ಅದೇ ಮೂಲೆಯಲ್ಲಿ ಅದೇ ಹೆಣ, ಅದೇ ಟಿಪ್ಪಣಿ. ಬೇಜಾರು ಮಾಡಿಕೊಂಡಿದ್ದಕ್ಕೆ ಬೇಜಾರಾಯ್ತು.

ಆದರೆ ಇಲ್ಲಿ ಒಂದು ವಿಷಯ ಸರಿಯಾಗಿ ಹಿಡಿಯಬೇಕು. ಪುನರಾವರ್ತನೆಯೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕನ್ನಡದಲ್ಲಿ 'ಆಟ' ಅನ್ನೋ ಪದ ನೋಡಿ. ಮಕ್ಕಳದ್ದೂ ಆಟ, ಕ್ರಿಕೆಟ್ಟೂ ಆಟ, ಕರಾವಳಿ ಕಡೆ ರಾತ್ರಿ ಯಕ್ಷಗಾನಕ್ಕೆ ಹೋಗೋದೂ 'ಆಟಕ್ಕೆ ಹೋಗೋದು', ಥಿಯೇಟರಿನಲ್ಲಿ ಮೊದಲನೇ ಆಟ, ಎರಡನೇ ಆಟ. ಎಲ್ಲದರಲ್ಲೂ ಒಂದೇದನ್ನ ಮತ್ತೆ ಮಾಡೋದು ಸೇರಿಕೊಂಡೇ ಇದೆ. ಯಕ್ಷಗಾನದ ಪ್ರಸಂಗದ ಕಥೆ ನೋಡುವವರಿಗೆಲ್ಲ ಗೊತ್ತು, ಆದರೂ ಇವತ್ತಿನ ಅರ್ಥಧಾರಿ ಏನು ಹೇಳ್ತಾನೆ ಅಂತ ಕಾಯ್ತಾರೆ.

ನಮ್ಮ ಅಜ್ಜಿ ಮನೆಯಲ್ಲಿ ಎರಡು ಆಟ ಇತ್ತು. ಒಂದು ಹಾವು ಏಣಿ. ದಾಳ ಬಿದ್ದಷ್ಟು ನಡೆಯೋದು, ಆಯ್ಕೆ ಸೊನ್ನೆ. ಆದರೆ ಆ ಹಲಗೆ ನಿಮಗೆ ಮೋಸ ಮಾಡಲ್ಲ. ಅದರ ಹಳೇ ರೂಪ ಪರಮಪದದ ಪಟದಲ್ಲಂತೂ ಏಣಿಗೆ ಪುಣ್ಯ, ಹಾವಿಗೆ ಪಾಪ ಅಂತ ಹೆಸರು, ನಿನ್ನ ಕೈಯಲ್ಲೇನೂ ಇಲ್ಲ ಅನ್ನೋದೇ ಅದರ ವಿಷಯ. ಇನ್ನೊಂದು ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಮಾಡೋ ಕೆಲಸ ಒಂದೇ: ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದು ಹಾಕ್ತಾ ಹೋಗೋದು. ಸಾವಿರ ಸಲ ಅದೇ. ಆದರೆ ಯಾವ ಗುಳಿಯಿಂದ ಎತ್ತುತ್ತೀರಿ ಅನ್ನೋದರ ಮೇಲೆ ಇಡೀ ಮಣೆ ಬದಲಾಗತ್ತೆ, ಎತ್ತಿದ್ದನ್ನ ವಾಪಸ್ ಇಡೋಕೆ ಅಜ್ಜಿ ಬಿಡಲ್ಲ. ಸ್ಟಾರ್‌ಫೀಲ್ಡ್‌ನ ತೊಂದರೆ ಏನಂದ್ರೆ, ಅದು ಹಾವು ಏಣಿಯ ಮೇಲೆ ಅಳಗುಳಿಮಣೆ ಅಂತ ಬರೆದು ಮಾರ್ತಾ ಇದೆ.

ಈ ವ್ಯತ್ಯಾಸ ಹೊಸಬರಿಗೆ ಮಾತ್ರ ಗೊತ್ತಿಲ್ಲದ್ದು ಅಂದ್ಕೋಬೇಡಿ. ಹಳಬರಿಗೆ ಚೆನ್ನಾಗೇ ಗೊತ್ತಿತ್ತು, ಅದೂ ನಮ್ಮ ಈ ಊರಿನಲ್ಲೇ. 1983ರಲ್ಲಿ ಸಿಡ್ನಿಯ ಸ್ಟ್ರಾಟೆಜಿಕ್ ಸ್ಟಡೀಸ್ ಗ್ರೂಪ್ ಅನ್ನೋ ಪುಟ್ಟ ಕಂಪನಿ 'ರೀಚ್ ಫಾರ್ ದ ಸ್ಟಾರ್ಸ್' ಅನ್ನೋ ಆಟ ತಂತು. ರೋಜರ್ ಕೀಟಿಂಗ್, ಇಯಾನ್ ಟ್ರೌಟ್ ಅನ್ನೋ ಇಬ್ಬರು ಕಟ್ಟಿದ ಕಂಪನಿ. ನಕ್ಷತ್ರಗಳಿಗೆ ಹೋಗಿ ನೆಲೆ ಊರಿ ಸಾಮ್ರಾಜ್ಯ ಕಟ್ಟುವ ಆಟಗಳ ಇಡೀ ಕುಲಕ್ಕೆ ಅದು ಮುತ್ತಜ್ಜಿ. ನಾನು ಅದನ್ನ ಎಮ್ಯುಲೇಟರ್‌ನಲ್ಲಿ ಆಡಿದ್ದೇನೆ. ನೋಡೋಕೆ ಏನೂ ಇಲ್ಲ, ಅಂಕಿಗಳು ಮತ್ತು ಮೆನುಗಳು. ಆದರೆ ಪ್ರತಿ ಸರದಿಯಲ್ಲೂ ಗ್ರಹದ ದುಡಿಮೆಯನ್ನ ಹಡಗಿಗೆ ಹಾಕಬೇಕೋ, ಜನರನ್ನ ಕಳಿಸೋಕೆ ಹಾಕಬೇಕೋ, ಇರೋ ಗ್ರಹವನ್ನೇ ಸುಧಾರಿಸಬೇಕೋ ಅಂತ ಹಂಚಬೇಕು. ಎಲ್ಲದಕ್ಕೂ ಸಾಲಲ್ಲ. ಒಂದು ಕಡೆ ಹಾಕಿದ್ದು ಇನ್ನೊಂದು ಕಡೆ ಕಡಿಮೆ. ನಾನು ಮೂರು ಸಲ ಸೋತೆ, ಮೂರೂ ಸಲ ಯಾವ ಸರದಿಯಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಲ್ಲೆ.

ಮರುವರ್ಷ, 1984ರಲ್ಲಿ, ಇಂಗ್ಲೆಂಡಿನಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ 'ಎಲೀಟ್' ಬರೆದರು. ಎಂಟು ಗೆಲಾಕ್ಸಿ, ಒಂದೊಂದರಲ್ಲಿ 256 ಗ್ರಹ, ಎಲ್ಲ ಸೂತ್ರದಿಂದ ಹುಟ್ಟಿದವು, ಎಲ್ಲ ಸೇರಿ ಬಿಬಿಸಿ ಮೈಕ್ರೋದ 32 ಕಿಲೋಬೈಟ್ ನೆನಪಿನೊಳಗೆ. ಕೈಯಲ್ಲಿ ನೂರು ಕ್ರೆಡಿಟ್, ಏಳು ಜ್ಯೋತಿರ್ವರ್ಷಕ್ಕೆ ಸಾಲುವಷ್ಟು ಇಂಧನ. ಮಿಷನ್ನುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾಡೋದೆಲ್ಲ ಇಲ್ಲಿ ಕೊಂಡು ಅಲ್ಲಿ ಮಾರೋದು. ಆದರೂ ಅರಾಜಕ ಗ್ರಹಕ್ಕೆ ಹೋದರೆ ಕಳ್ಳರು ಹೆಚ್ಚು. ನಿಷಿದ್ಧ ಮಾಲು ತುಂಬಿದರೆ ದುಡ್ಡು, ಜತೆಗೆ ಪೊಲೀಸರು. ಹಾಗಾಗಿ ಒಂದೊಂದು ಸಾಗಾಟವೂ ಒಂದು ಸಣ್ಣ ಜೂಜು. ಗ್ರಹಗಳು ಒಂದೇ ಥರ ಇದ್ದವು ಅಂತ ಆಗ ಗೋಳಾಡಿದವರು ಕಮ್ಮಿ, ಯಾಕಂದ್ರೆ ಗ್ರಹ ಅಲ್ಲಿ ನೋಟ ಆಗಿರಲಿಲ್ಲ, ಬೆಲೆಪಟ್ಟಿ ಆಗಿತ್ತು.

ಆಮೇಲೆ ಕಂಪ್ಯೂಟರ್ ಬೆಳೀತು, ಸೂತ್ರವೂ ಬೆಳೀತು. 2016ರ ಆಗಸ್ಟ್‌ನಲ್ಲಿ ಬಂದ 'ನೋ ಮ್ಯಾನ್ಸ್ ಸ್ಕೈ'ನಲ್ಲಿ 18ರ ಮುಂದೆ ಹದಿನೆಂಟು ಅಂಕಿ ಬರುವಷ್ಟು ಗ್ರಹ. ಶುರುವಿನಲ್ಲಿ ಅದನ್ನ ಜನ ಚೆನ್ನಾಗಿ ಬೈದರು; ಮಾಡಿದವರು ವರ್ಷಾನುಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಟ್ಟು ಮಾನ ಉಳಿಸಿಕೊಂಡರು, ಅದಕ್ಕೆ ನನ್ನ ಗೌರವ ಇದೆ. ಆದರೆ ಎಲೀಟ್‌ನಿಂದ ಬಂದ ಪಾಠವನ್ನ ಎಲ್ಲರೂ ಅರ್ಧ ಮಾತ್ರ ಕಲಿತರು ಅನ್ಸತ್ತೆ. ಗ್ರಹವನ್ನ ಸೂತ್ರದಿಂದ ಹುಟ್ಟಿಸಬಹುದು ಅನ್ನೋದು ಕಲಿತರು. ಅಲ್ಲಿಗೆ ಹೋಗಲು ಏನನ್ನೋ ಬಿಟ್ಟುಕೊಡಬೇಕು ಅನ್ನೋದನ್ನ ಮರೆತರು.

ಮೆಲ್ಬರ್ನ್ ಗೆಳೆಯರು ನಗಬಾರದು, ನಿಮ್ಮ ಊರಿಗೂ ಇದರಲ್ಲಿ ಪಾಲಿದೆ. ಮೆಲ್ಬರ್ನ್‌ನ ಇನ್ಫಿನಿಟ್ ಇಂಟರಾಕ್ಟಿವ್, ಸ್ಟೀವ್ ಫಾಕ್ನರ್ ಅವರ ಕಂಪನಿ, 2009ರಲ್ಲಿ 'ಪಜಲ್ ಕ್ವೆಸ್ಟ್: ಗೆಲಾಕ್ಟ್ರಿಕ್ಸ್' ತಂತು. ಫಾಕ್ನರ್ ಅವರ 'ವಾರ್‌ಲಾರ್ಡ್ಸ್' ಆಟವನ್ನ ಮೊದಲು ಹೊರತಂದದ್ದು ನಾನು ಮೇಲೆ ಹೇಳಿದ ಸಿಡ್ನಿ ಕಂಪನಿಯೇ. ಗೆಲಾಕ್ಟ್ರಿಕ್ಸ್‌ನಲ್ಲಿ ಯುದ್ಧ ನಡೆಯೋದು ಷಟ್ಕೋನದ ಮಣೆ ಮೇಲೆ, ಬಣ್ಣದ ಹರಳು ಜೋಡಿಸಿ. ಬಹಳ ಚೆಂದದ ಯೋಚನೆ. ಆದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗೋಕೆ ದ್ವಾರ ಇದೆ, ಆ ದ್ವಾರವನ್ನ ಗಡಿಯಾರದ ವಿರುದ್ಧ ಹರಳು ಜೋಡಿಸಿ ತೆರೀಬೇಕು. ಪ್ರತಿ ದ್ವಾರ. ಅದಕ್ಕಿಂತ ಕೆಟ್ಟದ್ದು, ತೆರೆದ ದ್ವಾರ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮುಚ್ಕೊಳ್ಳತ್ತೆ. ಮಾಸ್ಟರ್ಸ್ ಓದ್ತಿದ್ದಾಗ ಅದನ್ನ ಟ್ರೈನಿನಲ್ಲಿ ಆಡ್ತಾ, ಇದು ಓಪಲ್ ಕಾರ್ಡ್ ಪ್ರತಿ ಸ್ಟೇಷನ್ನಿನಲ್ಲೂ ಒಂದು ಸುಡೋಕು ಬಿಡಿಸು ಅಂದಹಾಗಿದೆ ಅಂತ ಅಂದ್ಕೊಂಡಿದ್ದೆ. ಆ ಹರಳಿನ ಮಣೆಯಲ್ಲೇ ಯುದ್ಧ ಮಾಡುವಾಗ ನನಗೆ ಬೇಸರ ಆಗ್ತಿರಲಿಲ್ಲ, ದ್ವಾರದಲ್ಲಿ ಆಗ್ತಿತ್ತು. ಯುದ್ಧದಲ್ಲಿ ಯಾವ ಹರಳು ತೆಗೀತೀನಿ ಅನ್ನೋದು ಎದುರಾಳಿಗೆ ಏನು ಬಿಟ್ಟುಕೊಡ್ತೀನಿ ಅನ್ನೋದೂ ಆಗಿತ್ತು. ದ್ವಾರದಲ್ಲಿ ಎದುರು ಯಾರೂ ಇಲ್ಲ, ಬರೀ ಸುಂಕ.

ನನ್ನ ಹೊಟ್ಟೆಪಾಡಿನ ಕೆಲಸದಲ್ಲಿ ಒಂದು ಪರೀಕ್ಷೆ ಇದೆ, ಪರ್ಮ್ಯುಟೇಷನ್ ಇಂಪಾರ್ಟೆನ್ಸ್ ಅಂತಾರೆ. ನಾನು ಅದನ್ನ ಕಲಸಿ ನೋಡೋದು ಅಂತೀನಿ. ಒಂದು ಮಾಡೆಲ್‌ಗೆ ಹತ್ತು ಕಾಲಮ್ ಮಾಹಿತಿ ಕೊಟ್ಟಿದ್ದೀರಿ, ಅದು ಏನೋ ಊಹಿಸತ್ತೆ. ಈಗ ಒಂದು ಕಾಲಮ್ಮಿನ ಬೆಲೆಗಳನ್ನ ಇಸ್ಪೀಟೆಲೆ ಥರ ಕಲಸಿಬಿಡಿ. ಊಹೆ ಕೆಟ್ಟರೆ ಆ ಕಾಲಮ್ ಮುಖ್ಯ. ಏನೂ ವ್ಯತ್ಯಾಸ ಆಗದಿದ್ದರೆ ಅದು ಅಲಂಕಾರಕ್ಕೆ ಕೂತಿತ್ತು ಅಷ್ಟೆ. ಆಟದ ಆಯ್ಕೆಗಳಿಗೂ ಇದನ್ನೇ ಮಾಡಿ. ನೀವು ಒತ್ತಿದ ಉತ್ತರಗಳನ್ನೆಲ್ಲ ಕಲಸಿ ಮತ್ತೆ ಆಡಿಸಿದರೆ ಕೊನೆ ಬದಲಾಗತ್ತಾ?

'ಮಾಸ್ ಎಫೆಕ್ಟ್ 2' ಪಾಸ್. 2010ರ ಆಟ, ಕೊನೆಯ ಕಾರ್ಯಾಚರಣೆಯಲ್ಲಿ ಯಾರನ್ನ ಯಾವ ಕೆಲಸಕ್ಕೆ ಕಳಿಸ್ತೀರಿ ಅನ್ನೋದರ ಮೇಲೆ ಯಾರು ಬದುಕ್ತಾರೆ ಅಂತ ನಿಂತಿದೆ; ಸತ್ತವರು ಮುಂದಿನ ಭಾಗದಲ್ಲೂ ಸತ್ತೇ ಇರ್ತಾರೆ. 2012ರ ಮೂರನೇ ಭಾಗದ ಕೊನೆ ನಪಾಸು: ಮೂರು ಆಟದ ಆಯ್ಕೆಗಳನ್ನೆಲ್ಲ ಹೊತ್ತು ತಂದವನಿಗೆ ಕೊನೆಗೆ ಮೂರು ಬಣ್ಣದ ಬೆಳಕು ತೋರಿಸಿ ಒಂದನ್ನ ಆರಿಸು ಅಂದರು. ಜನ ಎಷ್ಟು ರೇಗಿದರು ಅಂದ್ರೆ ಅದೇ ವರ್ಷ ಜೂನ್‌ನಲ್ಲಿ ಪುಕ್ಕಟೆಯಾಗಿ ಹಿಗ್ಗಿಸಿದ ಅಂತ್ಯ ಕೊಡಬೇಕಾಯ್ತು. ನಾನಾಗ ಇಂಜಿನಿಯರಿಂಗ್ ಕೊನೇ ವರ್ಷ, ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಒಂದೇ ಲ್ಯಾಪ್‌ಟಾಪಿನಲ್ಲಿ ಸರದಿ ಮೇಲೆ ಮುಗಿಸಿ ಬೆಳಗಿನ ಜಾವದ ತನಕ ಬೈಕೊಂಡು ಕೂತಿದ್ದೆವು. ಸ್ಟಾರ್‌ಫೀಲ್ಡ್‌ನಲ್ಲಿ ಕಾನೂನಿನ ಪಡೆಗೂ ಸೇರಬಹುದು, ಕಂಪನಿಯ ಗೂಢಚಾರನೂ ಆಗಬಹುದು, ಗಡಿ ಕಾಯುವ ದಳಕ್ಕೂ ಸೇರಬಹುದು, ಎಲ್ಲ ಒಂದೇ ಜನ್ಮದಲ್ಲಿ, ಒಬ್ಬರಿಗೂ ಇನ್ನೊಬ್ಬರ ಮೇಲೆ ಹೊಟ್ಟೆಕಿಚ್ಚಿಲ್ಲ. ಭೀಕರ ಪ್ರಾಣಿಗಳನ್ನ ತಡೆಯೋಕೆ ದೈತ್ಯ ಮೃಗ ಬಿಡಬೇಕೋ ಸೂಕ್ಷ್ಮಾಣು ಬಿಡಬೇಕೋ ಅಂತ ಒಂದು ಒಳ್ಳೇ ಪ್ರಶ್ನೆ ಕೇಳ್ತಾರೆ. ನಾನು ಅರ್ಧ ಗಂಟೆ ಯೋಚಿಸಿ ಉತ್ತರ ಕೊಟ್ಟೆ, ಆಮೇಲೆ ನಾನು ಆಡಿದಷ್ಟರಲ್ಲಿ ಯಾವ ಗ್ರಹದಲ್ಲೂ ಅದರ ಗುರುತು ಕಾಣಲಿಲ್ಲ.

ಈ ಪರೀಕ್ಷೆಯನ್ನ ಒಬ್ಬ ಗೆಳತಿಗೆ ವಿವರಿಸಿದಾಗ ಅವಳು ಒಂದೇ ಮಾತಿನಲ್ಲಿ ತೂತು ಮಾಡಿದಳು. "ನಿಮ್ಮಮ್ಮ ದಿನಾ ಫೋನ್‌ನಲ್ಲಿ ಊಟ ಆಯ್ತಾ ಅಂತ ಕೇಳ್ತಾರಲ್ಲ. ಆಯ್ತು ಅಂದ್ರೂ ಇಲ್ಲ ಅಂದ್ರೂ ಫೋನ್ ಒಂದೇ ಥರ ಮುಗಿಯತ್ತೆ. ಅದೂ ಅಲಂಕಾರನಾ?" ಅಲ್ಲ, ಖಂಡಿತ ಅಲ್ಲ. ಫಲ ಬದಲಾಗದ ಮಾತಿಗೂ ಬೆಲೆ ಇದೆ, ಎದುರಿಗಿರುವವರು ಕೇಳಿಸಿಕೊಳ್ತಾರೆ ಅನ್ನೋ ಕಾರಣಕ್ಕೆ. 'ಆಯ್ತು' ಅಂದಾಗ ನನ್ನ ದನಿ ಹೇಗಿತ್ತು ಅಂತ ಅಮ್ಮ ನಾಳೆಗೂ ನೆನಪಿಟ್ಟಿರ್ತಾರೆ. ಹಾಗಾಗಿ ನನ್ನ ವಾದ ಸ್ವಲ್ಪ ತಿದ್ದಬೇಕು: ಆಯ್ಕೆಗೆ ಫಲ ಇರಲೇಬೇಕು ಅಂತಿಲ್ಲ, ಆದರೆ ಅದನ್ನ ಯಾರಾದರೂ ಗಮನಿಸಬೇಕು. ಬೀದಿಯಲ್ಲಿ ನಿಂತ ಆ ಮನುಷ್ಯ ಇಪ್ಪತ್ತು ನಿಮಿಷದ ಮೇಲೆ ಮುಖ ಊದಿಸಿಕೊಂಡಿದ್ದರೂ ಸಾಕಿತ್ತು.

ಯಾಕೆ ಹೀಗೆ ಮಾಡ್ತಾರೆ ಅನ್ನೋದು ನನಗೆ ಸ್ವಲ್ಪ ಅರ್ಥ ಆಗತ್ತೆ, ಅದಕ್ಕೇ ಹೆಚ್ಚು ಬೈಯೋಕೂ ನಾಲಿಗೆ ಏಳಲ್ಲ. ಪೂರ್ತಿ ಬೇರೆಯಾಗುವ ಎರಡು ದಾರಿ ಬರೆದರೆ ಖರ್ಚು ಎರಡರಷ್ಟು, ಆಡುವವನು ನೋಡೋದು ಅರ್ಧ. ಖಾಲಿ ಜಾಗ ಬಿಟ್ಟ ವಾಕ್ಯ ಬರೆದಿಟ್ಟು, ಈ ವಸ್ತುವನ್ನ ಆ ಗ್ರಹಕ್ಕೆ ಮುಟ್ಟಿಸು ಅಂತ ತುಂಬಿಸಿದರೆ ಖರ್ಚಿಲ್ಲದೆ ಸಾವಿರ ಮಿಷನ್. ಜತೆಗೆ ಅಳೆಯೋಕೆ ಸುಲಭ ಆದದ್ದು ಗಂಟೆಗಳು. ನಾನೂ ಜನ ಆ್ಯಪ್ ಬಿಟ್ಟು ಹೋಗ್ತಾರಾ ಇಲ್ವಾ ಅಂತ ಊಹಿಸುವ ಮಾಡೆಲ್ ಕಟ್ಟಿದವನೇ. ಆ ಮಾಡೆಲ್‌ಗೆ ಖುಷಿಯಿಂದ ಕೂತವನಿಗೂ ಮುಗಿಸಿಬಿಡೋಣ ಅಂತ ಹಲ್ಲು ಕಚ್ಚಿ ಕೂತವನಿಗೂ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಆ ದೇವಸ್ಥಾನಗಳು ಎಲ್ಲೋ ಒಂದು ಚಾರ್ಟಿನಲ್ಲಿ ಒಳ್ಳೇ ಸುದ್ದಿಯಾಗಿ ಕಾಣ್ತಿರಬಹುದು.

ದುಡ್ಡಿಲ್ಲದ ಸಣ್ಣ ತಂಡಗಳೇ ಇದರಿಂದ ಹೊರಗೆ ಬಂದದ್ದು ಅಂತ ನನಗನಿಸತ್ತೆ. 2012ರ 'ಎಫ್‌ಟಿಎಲ್'ನಲ್ಲಿ ಹಿಂದೆ ಶತ್ರು ಪಡೆ ಅಟ್ಟಿಸಿಕೊಂಡು ಬರ್ತಾ ಇರತ್ತೆ, ಹಾಗಾಗಿ ನಕ್ಷೆಯ ಎಲ್ಲ ಚುಕ್ಕಿಗೂ ಹೋಗೋಕಾಗಲ್ಲ. ಅಷ್ಟೇ. ಆ ಒಂದು ನಿಯಮದಿಂದ ಪ್ರತಿ ಚುಕ್ಕಿಯೂ ತೂಕ ಪಡೆಯತ್ತೆ. 2019ರ 'ಔಟರ್ ವೈಲ್ಡ್ಸ್' ಇನ್ನೂ ವಿಚಿತ್ರ. ಅದು ಪುನರಾವರ್ತನೆಯನ್ನೇ ಕಥೆ ಮಾಡಿಕೊಂಡಿದೆ: 22 ನಿಮಿಷಕ್ಕೆ ಸೂರ್ಯ ಸಿಡಿಯತ್ತೆ, ನೀವು ಸಾಯ್ತೀರಿ, ಅದೇ ಬೆಂಕಿಯ ಪಕ್ಕ ಏಳ್ತೀರಿ. ಮಿಷನ್ ಕೊಡುವವರು ಯಾರೂ ಇಲ್ಲ, ಗಳಿಸುವ ಬಂದೂಕಿಲ್ಲ, ಶಕ್ತಿ ಇಲ್ಲ. ಮುಂದಿನ ಸುತ್ತಿಗೆ ಹೋಗೋದು ನಿಮಗೆ ಗೊತ್ತಾದದ್ದು ಮಾತ್ರ. ಪ್ರತಿ ಬೆಳಿಗ್ಗೆ ಎಲ್ಲಿಗೆ ಹಾರಲಿ ಅನ್ನೋದೇ ಆಯ್ಕೆ. ಆ ಆಟವನ್ನ ನಾನು ಒಂದೇ ಸಲ ಆಡಿದೆ, ಮತ್ತೆ ಆಡೋಕೂ ಆಗಲ್ಲ, ಗೊತ್ತಾದದ್ದನ್ನ ಮರೆಯೋದು ಹೇಗೆ? ಅದರ ಲೆಕ್ಕದಲ್ಲಿ ಗಂಟೆಗಳು ಬಹಳ ಕಮ್ಮಿ.

ಇನ್ನೊಂದು ದಾರಿಯೂ ಇದೆ: ಬೇಸರದ ಆಟದೊಳಗೆ ಜನರೇ ಅರ್ಥ ತಂದುಹಾಕೋದು. 2014ರ 'ಎಲೀಟ್ ಡೇಂಜರಸ್' ನಮ್ಮ ಗೆಲಾಕ್ಸಿಯ 400 ಬಿಲಿಯನ್ ನಕ್ಷತ್ರ ವ್ಯವಸ್ಥೆಗಳನ್ನ ಇಟ್ಟುಕೊಂಡಿದೆ, ಮಿಷನ್ ಬೋರ್ಡು ಮಾತ್ರ ಕೊರಿಯರ್ ಆಫೀಸಿನ ಪಟ್ಟಿ. ಅಲ್ಲಿ ಇಂಧನ ಮುಗಿದು ಕತ್ತಲಲ್ಲಿ ಸಿಕ್ಕಿಕೊಂಡವರಿಗೆ ಫ್ಯುಯೆಲ್ ರ‍್ಯಾಟ್ಸ್ ಅನ್ನೋ ಆಟಗಾರರ ಗುಂಪು ಹಾರಿ ಬಂದು ಇಂಧನ ಕೊಡತ್ತೆ. ಅದಕ್ಕೆ ಆಟ ಯಾವ ಮಿಷನ್ನೂ ಕೊಟ್ಟಿರಲಿಲ್ಲ, ತಾವೇ ಶುರು ಮಾಡಿಕೊಂಡರು. ಹೋಗದೇ ಇದ್ದರೆ ಅಲ್ಲೊಬ್ಬ ನಿಜವಾಗಲೂ ಒದ್ದಾಡ್ತಾ ಇರ್ತಾನೆ. ಅಲ್ಲಿ 'ಬೇಡ' ಅಂದರೆ ಏನೋ ಆಗತ್ತೆ.

ಸ್ಟಾರ್‌ಫೀಲ್ಡ್‌ಗೆ ಒಂದು ನ್ಯಾಯ ಸಲ್ಲಿಸಬೇಕು. ಅದರ ಕಥೆಯ ಕೊನೆಯಲ್ಲಿ ಗೊತ್ತಾಗೋದು ಏನಂದ್ರೆ, ಒಂದು ಬ್ರಹ್ಮಾಂಡ ಬಿಟ್ಟು ಇನ್ನೊಂದಕ್ಕೆ ದಾಟಿ ಎಲ್ಲ ಮತ್ತೆ ಮೊದಲಿಂದ ಬದುಕುವವರಿದ್ದಾರೆ, ಅದರಲ್ಲಿ ಕೆಲವರಿಗೆ ಎಷ್ಟು ಸಲ ನೋಡಿದ್ದೀವಿ ಅಂತಾಗಿ ಮನುಷ್ಯರ ಮೇಲೆ ಕರುಣೆಯೇ ಹೋಗಿದೆ. ನೀವೂ ದಾಟಬಹುದು, ಆದರೆ ಕಟ್ಟಿದ ಮನೆ, ಕೂಡಿಟ್ಟ ದುಡ್ಡು, ಮಾಡಿಕೊಂಡ ಸಂಬಂಧ ಎಲ್ಲ ಇಲ್ಲೇ ಬಿಡಬೇಕು. ಇದನ್ನ ಬರೆದವರಿಗೆ ಪುನರಾವರ್ತನೆಯ ರೋಗ ಏನು ಅಂತ ಚೆನ್ನಾಗಿ ಗೊತ್ತಿತ್ತು. ಮಿಷನ್ ಬರೆದವರ ಹತ್ತಿರ ಅವರು ಮಾತಾಡಿಲ್ಲ ಅನ್ಸತ್ತೆ. ಪಿಆರ್‌ಗೆ ಅರ್ಜಿ ಹಾಕಿ ಕೂತ ವರ್ಷ ಆ ಬಾಗಿಲ ಮುಂದೆ ಬಂದು ನಿಂತಾಗ ನಾನು ದಾಟಲಿಲ್ಲ. ಆ ಸೇವ್ ಇನ್ನೂ ಹಾಗೇ ಇದೆ.

ಊಟದ ದಿನಕ್ಕೆ ವಾಪಸ್ ಬರ್ತೀನಿ. ಕಂಟ್ರೋಲರ್ ಕೆಳಗಿಟ್ಟು ಆ ಹುಡುಗಿ ಹೇಳಿದಳು, "ನಿಮ್ಮ ಕನ್ನಡ ಕ್ಲಾಸೂ ಹೀಗೇ." ನಾನು ನಕ್ಕೆ. ಅವಳು ನಗಲಿಲ್ಲ. ನಾವು ವಾರ ವಾರ ಕೊಡೋದು ಒಂದು ಹಾಳೆ: ತರಕಾರಿ ಅಂಗಡಿಯಲ್ಲಿ ಮಾತಾಡಿ, ಬಸ್ ಕಂಡಕ್ಟರ್ ಹತ್ತಿರ ಮಾತಾಡಿ, ಡಾಕ್ಟರ್ ಹತ್ತಿರ ಮಾತಾಡಿ. ಖಾಲಿ ಜಾಗ ತುಂಬಿ. ವೆಸ್ಟ್‌ಮೀಡ್‌ನಲ್ಲಿ ಕನ್ನಡ ಮಾತಾಡುವ ಬಸ್ ಕಂಡಕ್ಟರ್ ಎಲ್ಲಿದ್ದಾನೆ? ಅವಳು ಟಮೋಟೊ ಬದಲು ಬದನೆಕಾಯಿ ಅಂದರೂ ಅಂಗಡಿಯವನ ಉತ್ತರ ಹಾಳೆಯಲ್ಲಿ ಮೊದಲೇ ಅಚ್ಚಾಗಿದೆ. ಕಲಸಿ ನೋಡುವ ಪರೀಕ್ಷೆಯನ್ನ ಊರಿಗೆಲ್ಲ ಹಂಚುವ ನಾನೇ ಮೂರು ವರ್ಷದಿಂದ ಆ ಹಾಳೆ ಮಾಡ್ತಿದ್ದೆ.

ಮುಂದಿನ ವಾರ ಹಾಳೆ ಬಿಟ್ಟು ಪುಣ್ಯಕೋಟಿ ಕಥೆ ಹೇಳಿ, ಅವಳು ವಾಪಸ್ ಹೋಗಬೇಕಿತ್ತಾ ಅಂತ ಕೇಳಿದೆ. ಆ ಹಸು ಹೋಗದೇ ಇದ್ದರೆ ಹುಲಿಗೆ ಏನೂ ಮಾಡೋಕಾಗ್ತಿರಲಿಲ್ಲ. ಇಡೀ ಕಥೆ ನಿಂತಿರೋದೇ ಅದರ ಮೇಲೆ. ಹುಡುಗಿ "ಹೋಗಬಾರದಿತ್ತು" ಅಂತ ಶುರು ಮಾಡಿ, ವಿಭಕ್ತಿಗಳನ್ನೆಲ್ಲ ಮುರಿದು, ಕರುವಿನ ಪರ ಹತ್ತು ನಿಮಿಷ ವಾದ ಮಾಡಿದಳು. ಪಕ್ಕದವನು ಹುಲಿ ಪರ ನಿಂತ. ಗಲಾಟೆ ಆಯ್ತು. ಅಷ್ಟು ಕನ್ನಡ ಆ ಕೋಣೆಯಲ್ಲಿ ನಾನು ಕೇಳಿರಲಿಲ್ಲ. ಖುಷಿಯಲ್ಲಿ, ಅಭ್ಯಾಸಬಲದಿಂದ, ಹೊರಡುವಾಗ ಎಲ್ಲರ ಕೈಗೂ ಮುಂದಿನ ವಾರದ ಹಾಳೆ ಕೊಟ್ಟೆ.

"ಬೇಡ" ಅಂದಳು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತು ನನ್ನ ಮುಖ ನೋಡಿದಳು.